ಏಟು ನಿಲ್ಲುವ ಜಾಗ

ಮೊದಲು ಬಿದ್ದದ್ದು ರಕ್ತದ ಹನಿ. ಆಮೇಲೆ ಲ್ಯಾಪ್‌ಟಾಪ್.

ಪುಷ್ಪಾವತಿ ತಲೆ ಎತ್ತಿದಳು. ಕೌಂಟರಿನ ಗಾಜಿನ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಲ್ಯಾಪ್‌ಟಾಪ್ ಇತ್ತು. ಅದರಾಚೆ, ಬಾಗಿಲಿನ ಬೆಳಕನ್ನೆಲ್ಲ ಮುಚ್ಚಿಕೊಂಡು ಒಬ್ಬ ಗಂಡಸು ನಿಂತಿದ್ದ. ಬಲಗಣ್ಣಿನ ಹುಬ್ಬು ಸೀಳಿ, ಕೆನ್ನೆಯ ಮೇಲೆ ಕೆಂಪು ಗೆರೆ ಇಳಿದಿತ್ತು.

"ಇದು ಆನ್ ಆಯ್ತಿಲ್ಲ ಮೇಡಂ," ಅಂದ.

"ನಿಮ್ಮ ಹುಬ್ಬಿಂದ ರಕ್ತ ಸೋರ್ತಿದೆ."

"ಅದು ತಾನೇ ನಿಲ್ತದೆ ಬುಡಿ. ಇದು ಆನ್ ಆಗ್ಬೇಕು. ಸಾಯಂಕಾಲ ಬರಗೂರಲ್ಲಿ ಆರತಕ್ಷತೆ ಐತೆ. ಹಾಡೆಲ್ಲ ಇದ್ರೊಳಗೇ ಅವೆ."

ಅವನು ಗೌರೀಶ್. ಗೌಡಗೆರೆಯವನು. ಮದುವೆ, ನಾಮಕರಣಗಳಿಗೆ ಡಿಜೆ ಸೌಂಡ್ ಹಾಕುತ್ತಿದ್ದ. ಶಿರಾ ಸುತ್ತಮುತ್ತ ಅವನ ಸ್ಪೀಕರ್‌ಗಳಿಗೆ ಒಳ್ಳೆ ಹೆಸರು, ಅವನ ಕೈಗೆ ಬೇರೆ ಹೆಸರು. ಅದೆಲ್ಲ ಪುಷ್ಪಾವತಿಗೆ ಆಗಿನ್ನೂ ಗೊತ್ತಿರಲಿಲ್ಲ.

ಅವನು ಪವರ್ ಬಟನ್ ಒತ್ತಿ ತೋರಿಸಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಆಮೇಲೆ ಅಂಗೈ ಎತ್ತಿ ಲ್ಯಾಪ್‌ಟಾಪಿನ ಬೆನ್ನಿಗೆ ಫಟ್ ಅಂತ ಬಾರಿಸಿದ.

ಆ ಸದ್ದಿಗೆ ಪುಷ್ಪಾವತಿಯ ಭುಜ ತಾನಾಗಿ ಕುಗ್ಗಿತು. ಕುಗ್ಗಿತಲ್ಲ ಅಂತಲೇ ಅವಳಿಗೆ ಸಿಟ್ಟು ಬಂತು.

"ಕೈ ತೆಗೀರಿ," ಅಂದಳು. "ನನ್ನ ಅಂಗಡೀಲಿ ಯಾರೂ ಯಾವುದಕ್ಕೂ ಹೊಡೆಯೋ ಹಂಗಿಲ್ಲ."

ಅವನು ಕೈ ತೆಗೆದ. ಇಷ್ಟೆತ್ತರದ ಆಳು, ಬೈಸಿಕೊಂಡ ಎತ್ತಿನಂತೆ ಸುಮ್ಮನೆ ಹಿಂದಕ್ಕೆ ಸರಿದು ನಿಂತ.

ಶಿರಾ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಆ ಅಂಗಡಿ. ಅವಳ ಅಪ್ಪ ಚಂದ್ರಶೇಖರಯ್ಯನವರು ಅಲ್ಲೇ ರೇಡಿಯೋ, ಟಿವಿ ರಿಪೇರಿ ಮಾಡಿಕೊಂಡು ಮಗಳನ್ನು ಓದಿಸಿದ್ದರು. ಈಗ ಅವರ ಕಣ್ಣು ಮಂಜಾಗಿ ಮನೆಯಲ್ಲಿದ್ದರು. ಮಗಳು ಲ್ಯಾಪ್‌ಟಾಪ್ ಬಿಚ್ಚುತ್ತಿದ್ದಳು.

"ಚಾರ್ಜರ್ ಕೊಡಿ."

ಮೀಟರಿನ ಕಡ್ಡಿಗಳನ್ನು ಚಾರ್ಜರಿನ ಪಿನ್ನಿಗೆ ಹಿಡಿದಳು. ಅಂಕಿ ಸರಿಯಾಗಿ ನಿಂತಿತು. "ಚಾರ್ಜರ್ ಚೆನ್ನಾಗಿದೆ." ವೈರು ಕಿತ್ತು, ಪವರ್ ಬಟನ್ನನ್ನು ಒತ್ತಿ ಹಿಡಿದು ಸುಮ್ಮನೆ ಕೂತಳು.

"ಇದ್ಯಾಕೆ ಮೇಡಂ?"

"ಒಳಗೆ ಉಳಿದಿರೋ ಕರೆಂಟೆಲ್ಲ ಇಳೀಲಿ ಅಂತ. ಕೆಲವು ಸಲ ಇಷ್ಟಕ್ಕೇ ಎದ್ದು ಕೂತ್ಕೊಳ್ಳುತ್ತೆ."

"ಮನುಷ್ಯರಿಗೂ ಇಂಥದ್ದೊಂದು ಬಟನ್ ಇರ್ಬೇಕಿತ್ತು."

"ಇದ್ದಿದ್ರೆ ಇವತ್ತು ಮೊದಲು ನಿಮ್ಮದೇ ಒತ್ತುತ್ತಿದ್ದೆ."

ಅವನು ನಕ್ಕ. ನಕ್ಕದ್ದಕ್ಕೆ ಹುಬ್ಬು ಎಳೆದು 'ಸ್' ಅಂದ. ಪುಷ್ಪಾವತಿ ಮುಖ ತಿರುಗಿಸಿಕೊಂಡು ಸ್ಕ್ರೂಡ್ರೈವರ್ ಹುಡುಕಿದಳು. ಅದು ಅವಳ ಕೈಯಲ್ಲೇ ಇತ್ತು.

ಲ್ಯಾಪ್‌ಟಾಪ್ ಆಗಲೂ ಏಳಲಿಲ್ಲ. ಹಿಂಬದಿಯ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಳು. ಬ್ಯಾಟರಿಯ ಕನೆಕ್ಟರ್ ಕಿತ್ತಳು. ಬೋರ್ಡಿನ ಮೇಲೆ ಅಂಟಂಟಾದ ಕಂದು ಕಲೆ ಹರಡಿತ್ತು.

"ಏನು ಚೆಲ್ಲಿದ್ದು?"

"ನೀರು."

ಅವಳು ಬಗ್ಗಿ ಮೂಸಿದಳು. "ನೀರಿಗೆ ಬಿಯರ್ ವಾಸನೆ ಯಾವಾಗಿಂದ ಬಂತು?"

ಅವನು ಕತ್ತು ಕೆರೆದುಕೊಂಡ. ಹಿಂದಿನ ಸಂಜೆ ಕೊರಟಗೆರೆ ಕಡೆ ಒಂದು ಮದುವೆಯಂತೆ. ಕುಡಿದವನೊಬ್ಬ ಅದೇ ಹಾಡು ಮತ್ತೆ ಹಾಕು, ಮತ್ತೆ ಹಾಕು ಅಂತ ಪೀಡಿಸಿದನಂತೆ. ಹಾಕಲ್ಲ ಅಂದಿದ್ದಕ್ಕೆ ಬಾಟಲಿಯನ್ನು ಲ್ಯಾಪ್‌ಟಾಪಿನ ಮೇಲೆ ಬಗ್ಗಿಸಿ, ಖಾಲಿ ಬಾಟಲಿಯನ್ನು ಇವನ ಹುಬ್ಬಿಗೆ ಬೀಸಿದನಂತೆ. ಬೆಳಿಗ್ಗೆ ಮುಖ ತೊಳೆಯುವಾಗ ಆ ಗಾಯ ಮತ್ತೆ ಬಿರಿಯಿತಂತೆ.

"ಅವನಿಗೇನಾಯ್ತು?"

"ಮುಂದಿನ ಹಲ್ಲು ಹೋದ್ವು," ಅಂದ ಗೌರೀಶ್. ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. ಅವಳ ಮುಖ ನೋಡಿದ ಮೇಲೆ ಆ ಹೆಮ್ಮೆ ಎಲ್ಲಿಡಬೇಕೋ ತಿಳಿಯದೆ ನೆಲ ನೋಡಿದ.

ಪಕ್ಕದ ಅಂಗಡಿಯಲ್ಲಿ ಬ್ಲೌಸ್ ಹೊಲಿಯುವ ಕರೀಮುನ್ನೀಸಾ ಇಣುಕಿದರು. ಪುಷ್ಪಾವತಿ ಅವರನ್ನು ಚಿಕ್ಕಮ್ಮನ ಲೆಕ್ಕದಲ್ಲಿ ಖಾಲಾ ಅನ್ನುತ್ತಿದ್ದಳು. ಈ ಊರಿನಲ್ಲಿ ಅವರ ಕಣ್ಣು ತಪ್ಪಿಸಿ ರಕ್ತ ಸುರಿಸುವುದೂ ಕಷ್ಟ.

"ಹಾಯ್ ಅಲ್ಲಾ, ಬಕ್ರೀದ್ ಕುರಿ ಥರಾ ನಿಂತವ್ನೆ ನೋಡು!" ಅನ್ನುತ್ತಾ ಅರಿಶಿನ ತಂದು ಗಾಯಕ್ಕೆ ಒತ್ತಿದರು. ಗೌರೀಶ್ ಕಿರುಚಿದ. "ಹೊಡೀವಾಗ ಉರೀಲಿಲ್ವಾ ಬೇಟಾ? ಈಗ ಉರೀತದಾ?"

ಪುಷ್ಪಾವತಿ ಸ್ಪಿರಿಟ್ಟಿನಲ್ಲಿ ಅದ್ದಿದ ಹಳೇ ಟೂತ್‌ಬ್ರಷ್ಷಿನಿಂದ ಬೋರ್ಡ್ ಉಜ್ಜಿದಳು. ಬ್ಲೋಯರ್ ಹಿಡಿದು ಒಣಗಿಸಿದಳು. ರ‍್ಯಾಮ್ ಕಿತ್ತು, ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದಳು. ಏನೂ ಇಲ್ಲ. ಕೊನೆಗೆ ಪವರ್ ಬಟನ್ನಿಂದ ಬೋರ್ಡಿಗೆ ಬರುವ ತೆಳು ಪಟ್ಟಿ ಕಣ್ಣಿಗೆ ಬಿತ್ತು. ಅದರ ತುದಿಗೆ ಹಸಿರು ಕಿಲುಬು ಹಿಡಿದಿತ್ತು.

ಅದನ್ನು ಒರೆಸಿ, ಚುಚ್ಚಿ, ಬಟನ್ ಒತ್ತಿದಳು.

ಫ್ಯಾನು ಗುಂಯ್ ಅಂತು. ಸಣ್ಣ ಬಿಳಿ ದೀಪ ಹತ್ತಿತು. ಕತ್ತಲ ಪರದೆ ನಿಧಾನವಾಗಿ ನೀಲಿಯಾಗಿ ಆ ಬೆಳಕು ಇಬ್ಬರ ಮುಖದ ಮೇಲೂ ಬಿತ್ತು.

"ನೋಡಿ, ಬಂತು!" ಅಂದಳು ಪುಷ್ಪಾವತಿ, ಖುಷಿಯಲ್ಲಿ.

ಅವನು ನೋಡುತ್ತಿದ್ದ. ಲ್ಯಾಪ್‌ಟಾಪನ್ನಲ್ಲ.

*

ಮುಂದಿನ ವಾರ ಅವನು ಮತ್ತೆ ಬಂದ. "ಮೇಡಂ, ಮತ್ತೆ ಆನ್ ಆಯ್ತಿಲ್ಲ."

ಅವಳು ಚಾರ್ಜರ್ ಚುಚ್ಚಿದಳು. ಸ್ವಲ್ಪ ಹೊತ್ತಿಗೆ ಆನ್ ಆಯಿತು. "ಇದು ಸತ್ತಿಲ್ಲ. ಹಸ್ಕೊಂಡಿದೆ. ಚಾರ್ಜ್ ಹಾಕ್ಬೇಕು ಅಂತ ಗೊತ್ತಿಲ್ವಾ?"

"ಮರ್ತೋಯ್ತು."

ಅದರ ಮುಂದಿನ ವಾರವೂ ಬಂದ. ಮುಚ್ಚಳ ಬಿಚ್ಚಿದರೆ ಬ್ಯಾಟರಿಯ ಕನೆಕ್ಟರ್ ಕಿತ್ತಿತ್ತು. ಅದು ತಾನಾಗಿ ಕೀಳುವಂಥದ್ದಲ್ಲ. ಪುಷ್ಪಾವತಿ ತಲೆ ಎತ್ತಿ ಅವನನ್ನೇ ನೋಡಿದಳು. ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುವವನಂತೆ ನಿಂತಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

"ಸ್ಕ್ರೂ ಉಲ್ಟಾ ಹಾಕಿದ್ದೀರ," ಅಂದಳು.

"ನಾನ್ಯಾಕೆ ಬಿಚ್ಚಲಿ?"

"ಅದನ್ನೇ ಕೇಳ್ತಿದ್ದೀನಿ."

"ಬಿಚ್ಚಿದ್ರೆ ನೀವು ಬೈತೀರಲ್ಲ, ಅದಕ್ಕೆ."

ಅವಳು ತುಟಿ ಕಚ್ಚಿ ನಗು ನುಂಗಿದಳು. ಗೋಡೆಯಾಚೆ ಖಾಲಾನ ಹೊಲಿಗೆ ಮಿಷಿನ್ನು ಇದ್ದಕ್ಕಿದ್ದಂತೆ ನಿಂತಿತು. ಕಿವಿ ಕೊಟ್ಟಿದ್ದರು ಅಂತ ಅರ್ಥ.

ಆಮೇಲೆ ಅವನು ನೆಪ ಹುಡುಕುವುದನ್ನೂ ಬಿಟ್ಟ. ಮಧ್ಯಾಹ್ನ ಬಿಸಿಲಿಗೆ ಎರಡು ಟೀ ಹಿಡಿದು ಬರುತ್ತಿದ್ದ. ಒಂದು ಅವಳಿಗೆ, ಒಂದು ಖಾಲಾಗೆ. ತನಗೆ ಬೇಡ ಅನ್ನುತ್ತಿದ್ದ. ಪುಷ್ಪಾವತಿ ತನ್ನದರಲ್ಲಿ ಅರ್ಧ ಲೋಟಕ್ಕೆ ಬಗ್ಗಿಸಿ ಕೊಡುತ್ತಿದ್ದಳು. ಆ ಅರ್ಧ ಲೋಟಕ್ಕಾಗಿಯೇ ಬೇಡ ಅನ್ನುತ್ತಾನೆ ಅಂತ ಅವಳಿಗೆ ಗೊತ್ತಿತ್ತು.

ಒಂದು ಶುಕ್ರವಾರ ಅಪ್ಪನನ್ನು ಕರೆದುಕೊಂಡು ಗೊರವನಹಳ್ಳಿ ಲಕ್ಷ್ಮಿ ದರ್ಶನಕ್ಕೆ ಹೋಗಿದ್ದಳು. ಅಲ್ಲೇ ಹತ್ತಿರದ ಛತ್ರದಲ್ಲಿ ಗೌರೀಶನ ಸೌಂಡ್ ಇತ್ತು. ಅಪ್ಪ ಪ್ರಸಾದ ತಿನ್ನುತ್ತಾ ನೆರಳಲ್ಲಿ ಕೂತಿದ್ದಾಗ ಅವನು ಬಂದು ನಿಂತ. ಅವಳ ಎಡಗೈಯ ಕಿರುಬೆರಳು ನೋಡಿದ. ಅದು ಮಡಚುತ್ತಿರಲಿಲ್ಲ.

"ಇದೇನಾಯ್ತು ಅಂತ ಯಾವತ್ತೂ ಕೇಳಿಲ್ಲ. ಕೇಳ್ಲಾ?"

ಊರವರಿಗೆಲ್ಲ ಅವಳು ಹೇಳುತ್ತಿದ್ದದ್ದು ಬಾಗಿಲಿಗೆ ಸಿಕ್ಕಿತು ಅಂತ. ಅವತ್ತು ಅರ್ಧ ಸುಳ್ಳೂ ಹೇಳಬೇಕು ಅನ್ನಿಸಲಿಲ್ಲ.

"ಬಾಗಿಲಿಗೆ ಸಿಕ್ಕಿದ್ದು ಹೌದು. ಸಿಕ್ಕಿಸಿದ್ದು ನನ್ನ ಗಂಡ. ಲಕ್ಷ್ಮೀಪತಿ ಅಂತ, ಪಾವಗಡದೋನು. ಬೋರ್‌ವೆಲ್ ಲಾರಿ ಇಟ್ಕೊಂಡಿದ್ದ. ಮೂಳೆ ಸದ್ದು ಬರೋವರೆಗೂ ಬಾಗಿಲು ಒತ್ತಿದ. ಆಮೇಲೆ ಕಾಲು ಹಿಡ್ಕೊಂಡು ಅತ್ತ. ಪ್ರತಿ ಸಲವೂ ಅಳೋನು. ಡೈವೋರ್ಸ್ ಆಯ್ತು. ಕೋರ್ಟು ಒಪ್ಪಿತು, ಅವನು ಇನ್ನೂ ಒಪ್ಪಿಲ್ಲ."

ಗೌರೀಶನ ದವಡೆ ಬಿಗಿಯಿತು. ಕುತ್ತಿಗೆಯ ನರ ಎದ್ದಿತು. "ಈಗ ಎಲ್ಲವ್ನೆ ಅವ್ನು?"

"ಇದಕ್ಕೇ ಯಾರಿಗೂ ಹೇಳಲ್ಲ ನಾನು," ಅಂದಳು. "ನಾನು ನನ್ನ ವಿಷಯ ಹೇಳಿದೆ. ನೀವು ಅವನ ಅಡ್ರೆಸ್ ಕೇಳ್ತಿದ್ದೀರ."

ಅವನು ತಲೆ ತಗ್ಗಿಸಿದ. ಆಮೇಲೆ, "ನೋವಾಯ್ತಾ?" ಅಂತ ಕೇಳಿದ.

ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ವಕೀಲರು ಯಾವಾಗ ಅಂತ ಕೇಳಿದ್ದರು. ನೆಂಟರು ಯಾಕೆ ಅಂತ ಕೇಳಿದ್ದರು. ಪುಷ್ಪಾವತಿಗೆ ಕಣ್ಣು ತುಂಬಿ, ಗುಡಿಯ ಗೋಪುರ ಕಲಸಿದಂತೆ ಕಂಡಿತು.

"ಆಯ್ತು," ಅಂದಳು. "ತುಂಬಾ ಆಯ್ತು."

ಅವನು ಆ ಬೆರಳನ್ನು ಮುಟ್ಟಲಿಲ್ಲ. ಅದರ ಪಕ್ಕದಲ್ಲಿ ಕಲ್ಲಿನ ಮೇಲೆ ತನ್ನ ಕೈ ಇಟ್ಟ. ಎರಡರ ನಡುವೆ ಒಂದು ಎಲೆ ಹಿಡಿಸುವಷ್ಟು ಜಾಗ. ಅವಳೇ ಆ ಜಾಗ ದಾಟಿದಳು.

*

ಲಕ್ಷ್ಮೀಪತಿ ಬಂದದ್ದು ಮಧ್ಯಾಹ್ನ. ಊಟಕ್ಕೆ ಅಂತ ಅರ್ಧ ಗಲ್ಲಿ ಷಟರ್ ಎಳೆದಿದ್ದ ಹೊತ್ತು. ಪುಷ್ಪಾವತಿ ಯಾರದೋ ಲ್ಯಾಪ್‌ಟಾಪಿನ ಚಾರ್ಜಿಂಗ್ ಪಿನ್ನಿಗೆ ಬೆಸುಗೆ ಹಾಕುತ್ತಿದ್ದಳು. ಗೌರೀಶ್ ಆಗಷ್ಟೇ ಟೀ ತರಲು ಮೂಲೆಗೆ ಹೋಗಿದ್ದ.

"ಏಮ್ಮೇ," ಅಂದಿತು ಹಳೇ ದನಿ. "ನನ್ನ ಬುಟ್ಟು ಚೆಂದಾಗಿ ಬದುಕ್ತಿದ್ದೀಯಂತೆ? ಡಿಜೆ ಇಟ್ಕೊಂಡಿದ್ದೀಯಂತೆ?"

"ಆಚೆ ನಡಿ. ಇಲ್ಲಿ ನಿನಗೇನೂ ಕೆಲಸ ಇಲ್ಲ."

ಅವನು ಕೌಂಟರ್ ದಾಟಿ ಬಂದು ಅವಳ ಜಡೆ ಹಿಡಿದ. ಒಂದು ಸುತ್ತು ಕೈಗೆ ಸುತ್ತಿಕೊಂಡ. ಹಾಗೆ ಸುತ್ತುವುದು ಅವನಿಗೆ ರೂಢಿ. ಅವಳ ತಲೆಯನ್ನು ಕೌಂಟರಿನ ಅಂಚಿಗೆ ಗುದ್ದಿದ. ಬಿಚ್ಚಿಟ್ಟ ಲ್ಯಾಪ್‌ಟಾಪ್ ನೆಲಕ್ಕೆ ಬಿದ್ದು ಪರದೆ ಒಡೆಯಿತು. ಅವಳು ಅವನ ಮಣಿಕಟ್ಟು ಕಚ್ಚಿದಳು. ಅವನು ಮತ್ತೆ ಗುದ್ದಿದ. ಪಕ್ಕದಲ್ಲಿ ಖಾಲಾ ಕೂಗಿಕೊಂಡರು.

ಆಮೇಲೆ ಜಡೆಯ ಎಳೆತ ಇದ್ದಕ್ಕಿದ್ದಂತೆ ಸಡಿಲವಾಯಿತು.

ಗೌರೀಶ್ ಅವನನ್ನು ಹಿಂದಿನಿಂದ ಎತ್ತಿ ಷಟರಿಗೆ ಬಿಸಾಡಿದ್ದ. ತಗಡು ಗಲ್ಲಿಗೆಲ್ಲ ಕೇಳುವಂತೆ ಬಡಿಯಿತು. ಲಕ್ಷ್ಮೀಪತಿ ಎದ್ದು ಬಂದ. ಗೌರೀಶ್ ಅವನ ಮುಖಕ್ಕೆ ಗುದ್ದಿದ. ಅವನು ಮತ್ತೆ ಎದ್ದ, ಇವನು ಮತ್ತೆ ಗುದ್ದಿದ. ಅಲ್ಲಿಯವರೆಗೂ ಪುಷ್ಪಾವತಿಯ ಎದೆಯಲ್ಲಿ ಬರೀ ಉಸಿರಿತ್ತು, ಬದುಕಿದೆ ಅನ್ನುವ ಉಸಿರು.

ಆಮೇಲೆ ಲಕ್ಷ್ಮೀಪತಿ ಬಿದ್ದ. ಏಳಲಿಲ್ಲ.

ಗೌರೀಶ್ ನಿಲ್ಲಿಸಲಿಲ್ಲ.

ಎದೆಯ ಮೇಲೆ ಮೊಣಕಾಲೂರಿ ಕೂತು ಹೊಡೆಯುತ್ತಲೇ ಹೋದ. ದವಡೆಯ ಮೂಳೆ ಮುರಿದದ್ದು ಕೇಳಿಸಿತು. "ಸಾಕು!" ಅಂದಳು ಪುಷ್ಪಾವತಿ. "ಗೌರೀಶ್, ಸಾಕು, ಅವನು ಬಿದ್ದಿದ್ದಾನೆ!" ಕೇಳಿಸಿದ ಲಕ್ಷಣವೇ ಇಲ್ಲ. ಅಂಗಿ ಹಿಡಿದು ಎಳೆದಳು. ಅವನ ಮೊಣಕೈ ಹಿಂದಕ್ಕೆ ಬೀಸಿ ಅವಳ ಬಾಯಿಗೆ ಬಡಿಯಿತು. ತುಟಿ ಒಡೆದು ನಾಲಿಗೆಗೆ ಉಪ್ಪು ಸಿಕ್ಕಿತು. ಅವನು ತಿರುಗಿಯೂ ನೋಡಲಿಲ್ಲ.

ಬೆಸುಗೆ ಕಡ್ಡಿ ಇನ್ನೂ ಕಾದಿತ್ತು. ಅವಳು ಅದನ್ನು ತೆಗೆದುಕೊಂಡು ಅವನ ತೋಳಿಗೆ ಒತ್ತಿದಳು.

ಅವನು ಚೀರಿ ತಿರುಗಿದ. ತಿರುಗಿದಾಗ ಮುಷ್ಟಿ ಮೇಲಿತ್ತು, ಅವಳ ಮುಖದ ನೇರಕ್ಕೆ. ಕಣ್ಣಲ್ಲಿ ಯಾರೂ ಇರಲಿಲ್ಲ.

ಆ ಮುಷ್ಟಿ ಗಾಳಿಯಲ್ಲೇ ನಿಂತಿತು. ನಿಧಾನವಾಗಿ ಅವನ ಕಣ್ಣಿಗೆ ಅವನೇ ವಾಪಸ್ಸು ಬಂದ. ಅವಳ ತುಟಿ ನೋಡಿದ.

"ಯಾರು... ಇದ್ಯಾರು ಹೊಡೆದದ್ದು ನಿಮಗೆ?"

"ನೀನೇ," ಅಂದಳು ಪುಷ್ಪಾವತಿ.

ಅವನು ಬಿಳಿಚಿಕೊಂಡ. ಮೊಣಕಾಲ ಮೇಲೆ ಕುಸಿದು, "ತಪ್ಪಾಯ್ತು, ನಂಗೆ ಗೊತ್ತಾಗ್ಲಿಲ್ಲ, ತಪ್ಪಾಯ್ತು ಕಣಮ್ಮ," ಅಂತ ಅತ್ತ.

"ಅವನೂ ಅಳ್ತಿದ್ದ," ಅಂದಳು. "ಅಳಬೇಡ. ಎದ್ದು ಆಚೆ ಹೋಗು."

*

ಲಕ್ಷ್ಮೀಪತಿ ಬದುಕಿಕೊಂಡ. ದವಡೆಗೆ ತಂತಿ ಕಟ್ಟಿದರು. ಪೊಲೀಸರು ಹೇಳಿಕೆ ಕೇಳಿದಾಗ ಪುಷ್ಪಾವತಿ ನಡೆದದ್ದನ್ನು ನಡೆದಂತೆ ಹೇಳಿದಳು. ಲಕ್ಷ್ಮೀಪತಿ ಜಡೆ ಹಿಡಿದದ್ದು, ತಲೆ ಗುದ್ದಿದ್ದು, ಗೌರೀಶ್ ಬಂದು ಬಿಡಿಸಿದ್ದು. ಆಮೇಲೆ, "ಬಿದ್ದ ಮೇಲೂ ಹೊಡೆದರು. ನಾನು ನಿಲ್ಲಿಸು ಅಂದರೂ ನಿಲ್ಲಿಸಲಿಲ್ಲ," ಅಂದಳು.

ಇಬ್ಬರ ಮೇಲೂ ಕೇಸಾಯಿತು. ಲಕ್ಷ್ಮೀಪತಿಗೆ ಆಸ್ಪತ್ರೆಯಲ್ಲಿದ್ದಾಗಲೇ ಬೇಲಾಯಿತು, ಗೌರೀಶ್ ಮಧುಗಿರಿ ಜೈಲಿಗೆ ಹೋದ.

ಖಾಲಾ ಕೇಳಿದರು, "ಆ ಒಂದು ಮಾತು ನುಂಗಿದ್ರೆ ಆಗ್ತಿರ್ಲಿಲ್ವಾ ಬೇಟಿ? ನಿನ್ನ ಜಾನ್ ಉಳಿಸಿದ ಹುಡ್ಗ."

"ಉಳಿಸಿದ ಖಾಲಾ. ಆಮೇಲೆ ಆ ಮುಷ್ಟಿ ನನ್ನ ಮೇಲೆ ಎತ್ತಿದ. ಎರಡೂ ನಿಜ. ಮೊದಲ್ನೇ ಮದುವೇಲಿ ಒಂದು ನಿಜ ನುಂಗಿ ನುಂಗಿ ಬೆರಳು ಕಳ್ಕೊಂಡೆ."

ಖಾಲಾ ಅವಳ ತಲೆಗೆ ಎಣ್ಣೆ ಹಚ್ಚಿ, ಕಿತ್ತುಬಂದ ಕೂದಲನ್ನು ಅವಳಿಗೆ ಕಾಣದಂತೆ ಮಡಿಲಲ್ಲಿ ಮುಚ್ಚಿಕೊಂಡರು.

ಗೌರೀಶನ ಅಣ್ಣ ಮಹಾಲಿಂಗಯ್ಯ ಒಂದು ದಿನ ಅಂಗಡಿಗೆ ಬಂದು ಕೂಗಾಡಿದ. "ನಿನ್ನ ಕಾಪಾಡಕ್ಕೆ ಬಂದೋನ್ನ ಜೈಲಿಗೆ ಹಾಕ್ಸಿದ್ಯಲ್ಲಮ್ಮ, ನೀನೆಂಥ ಹೆಣ್ಣು?"

ಅವನು ಕೂಗಿ ಕೂಗಿ ದಣಿದು ಸ್ಟೂಲಿನ ಮೇಲೆ ಕೂತ. ಆಮೇಲೆ ತಗ್ಗಿದ ದನಿಯಲ್ಲಿ ಅಂದ, "ಅವನ ಮುಂದೆ ನಿನ್ನ ಬೈಯ್ಯಂಗಿಲ್ಲ ನಾವು. ವಕೀಲ್ರು ಆ ಹೆಂಗಸು ಸುಳ್ಳು ಹೇಳ್ತಾಳೆ ಅನ್ನು, ಬೇಗ ಬಿಡಿಸ್ತೀನಿ ಅಂದ್ರು. ಅವ್ನು ಒಪ್ಲಿಲ್ಲ. ಆಯಮ್ಮ ಹೇಳಿದ್ದು ನಿಜ, ಬಿದ್ದ ಮೇಲೂ ಹೊಡೆದೆ ಅಂತ ತಾನೇ ಅಂದವ್ನೆ. ಹುಚ್ಚು ನನ್ಮಗ."

ಅವನು ಹೋದ ಮೇಲೆ ಪುಷ್ಪಾವತಿ ಎದುರಿಗಿದ್ದ ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚಲು ಹೋದಳು. ಆಗಲಿಲ್ಲ. ಕೌಂಟರಿಗೆ ಹಣೆಯಿಟ್ಟು ಅತ್ತಳು. ತನ್ನ ನೋವಿಗೆ ಯಾವತ್ತೂ ಯಾರೂ ಸಾಕ್ಷಿ ಹೇಳಿರಲಿಲ್ಲ. ಈ ಮನುಷ್ಯ ತನ್ನ ವಿರುದ್ಧ ತಾನೇ ಹೇಳಿದ್ದ.

ಬೇಲ್ ಸಿಕ್ಕಿ ಹೊರಗೆ ಬಂದರೂ ಅವನು ಗಲ್ಲಿಗೆ ಕಾಲಿಡಲಿಲ್ಲ. ಫೋನೂ ಇಲ್ಲ. ಮಧ್ಯಾಹ್ನಗಳು ಉದ್ದವಾದವು. ಟೀ ಅಂಗಡಿಯವನು ತಾನೇ ಎರಡು ಲೋಟ ತಂದಿಡುತ್ತಿದ್ದ. ಅವಳು ತನ್ನದನ್ನು ಅರ್ಧ ಕುಡಿದು, ಉಳಿದರ್ಧ ಆರುವವರೆಗೂ ನೋಡುತ್ತಾ ಕೂರುತ್ತಿದ್ದಳು.

ಭಯ ಹೋಗಿರಲಿಲ್ಲ. ಕಣ್ಣು ಮುಚ್ಚಿದರೆ ಆ ಮುಷ್ಟಿ ಕಾಣುತ್ತಿತ್ತು. ಕಣ್ಣು ತೆರೆದರೆ ಬಾಗಿಲಿನಲ್ಲಿ ಅವನಿಲ್ಲದ ಬೆಳಕು ಕಾಣುತ್ತಿತ್ತು. ಎರಡೂ ಸಹಿಸಲಾಗುತ್ತಿರಲಿಲ್ಲ.

*

ಮಾಘಮಾಸದಲ್ಲಿ ಅವಳ ದೊಡ್ಡಪ್ಪನ ಮಗಳ ಮದುವೆ ಕೊರಟಗೆರೆಯಲ್ಲಿ. ಛತ್ರದ ಮೂಲೆಯಲ್ಲಿ ಸ್ಪೀಕರ್‌ಗಳ ನಡುವೆ ಗೌರೀಶ್ ನಿಂತಿದ್ದ. ಯಾರು ಹೇಳಿ ಕರೆಸಿದ್ದರೋ. ಸೊರಗಿದ್ದ. ಅವಳನ್ನು ಕಂಡು ಕೈ ಮುಗಿದ, ಅಷ್ಟೇ. ಹತ್ತಿರ ಬರಲಿಲ್ಲ. ಆದರೆ ಅವಳು ಊಟಕ್ಕೆ ಕೂತ ಸಾಲಿನ ಕಡೆಯ ಸ್ಪೀಕರಿನ ಸದ್ದು ಮಾತ್ರ ತಗ್ಗಿತು. ಜೋರು ಸದ್ದು ಅವಳಿಗಾಗದು ಅಂತ ಅವನಿಗೆ ನೆನಪಿತ್ತು.

ಮಧ್ಯಾಹ್ನ, ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಒಂದು ಜೀಪು ಬಂದು ನಿಂತಿತು. ಲಕ್ಷ್ಮೀಪತಿ ಇಳಿದ. ದವಡೆ ಒಂದು ಕಡೆಗೆ ಸೊಟ್ಟಗೆ ಕೂಡಿಕೊಂಡಿತ್ತು. ಜತೆಗೆ ಬೋರ್‌ವೆಲ್ ಲಾರಿಯ ಇಬ್ಬರು ಆಳುಗಳು, ಕೈಯಲ್ಲಿ ಕಬ್ಬಿಣದ ರಾಡು.

ಅವರು ನೇರವಾಗಿ ಗೌರೀಶನ ಹತ್ತಿರ ಹೋದರು. ಮಾತಿಲ್ಲ. ಮೊದಲ ರಾಡು ಮಿಕ್ಸರಿನ ಮೇಲೆ ಬಿದ್ದು ಹಾಡು ಕಿರುಚಿ ನಿಂತಿತು. ಎರಡನೇದು ಅವನ ಬೆನ್ನಿಗೆ. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಓಡಿದರು. ಎಲೆಯ ಮೇಲಿನ ಪಾಯಸ ನೆಲಕ್ಕೆ ಹರಿಯಿತು.

ಪುಷ್ಪಾವತಿ ಕಾಲು ಕಿತ್ತಿಡಲಾಗದೆ ನಿಂತಳು.

ಗೌರೀಶ್ ತಿರುಗಿ ಮೊದಲ ಆಳಿನ ರಾಡು ಹಿಡಿದ. ತಿರುಚಿ ಕಿತ್ತುಕೊಂಡ. ಎದೆಗೆ ಒಂದು ಗುದ್ದು ಕೊಟ್ಟ. ಆ ಆಳು ಕುರ್ಚಿಗಳ ಮೇಲೆ ಬಿದ್ದು, ಕೈ ಅಡ್ಡ ಹಿಡಿದು, "ಬೇಡಣ್ಣ, ಬೇಡ," ಅಂದ. ರಾಡು ಗೌರೀಶನ ಕೈಯಲ್ಲಿತ್ತು, ಎತ್ತಿಯೂ ಆಗಿತ್ತು. ಅವನ ತೋಳು ಹೇಗೆ ನಡುಗುತ್ತಿದೆ ಅಂತ ಅವಳಿಗೆ ಕಂಡಿತು. ಒಳಗಿನ ಯಾವುದೋ ಎತ್ತನ್ನು ಹಗ್ಗ ಹಿಡಿದು ಎಳೆಯುತ್ತಿದ್ದಾನೆ ಅನ್ನುವಂತೆ.

ಅವನು ರಾಡನ್ನು ಕೆಳಗೆ ಬಿಟ್ಟ.

ಬಿದ್ದವನನ್ನು ಬಿಟ್ಟು ಹಿಂದೆ ಸರಿದ. ಅಷ್ಟರಲ್ಲಿ ಎರಡನೇ ಆಳಿನ ರಾಡು ಪಕ್ಕದಿಂದ ಅವನ ಬಲಗೈಗೆ ಬಿತ್ತು. ಮೂಳೆಯ ಸದ್ದು ಪುಷ್ಪಾವತಿಗೆ ಚೆನ್ನಾಗಿ ಗೊತ್ತು. ಅವನು ಮೊಣಕಾಲೂರಿದ. ಲಕ್ಷ್ಮೀಪತಿ ಮುಂದೆ ಬಂದು ಅವನ ಪಕ್ಕೆಗೆ ಒದ್ದ. ಮತ್ತೆ ಒದ್ದ.

ಅವಳು ಓಡಿದಳು. ಲಕ್ಷ್ಮೀಪತಿಯ ಹತ್ತಿರವಲ್ಲ, ಸ್ಪೀಕರಿನ ಹತ್ತಿರ. ಮಿಕ್ಸರ್ ಒಡೆದಿತ್ತು. ಮೈಕಿನ ವೈರು ಕಿತ್ತು ಆಂಪ್ಲಿಫೈಯರಿಗೆ ನೇರ ಚುಚ್ಚಿದಳು. ಕಿಯ್ ಅಂತ ಸಿಳ್ಳೆ ಎದ್ದಿತು. ಬಿಸಿಲಲ್ಲಿ ನಿಂತಿದ್ದವರೆಲ್ಲ ತಿರುಗಿದರು.

"ಇವನು ಲಕ್ಷ್ಮೀಪತಿ!" ಅವಳ ದನಿ ಛತ್ರದ ಗೋಡೆಗಳಿಗೆ ಬಡಿದು ರಸ್ತೆಗೆ ಹೋಯಿತು. "ನನ್ನ ಹೊಡೆದು, ನನ್ನ ಬೆರಳು ಮುರಿದ ಗಂಡ. ನನ್ನ ಬೆರಳು ತಾನಾಗಿ ಬಾಗಿಲಿಗೆ ಸಿಕ್ಕಿದ್ದಲ್ಲ, ಇವನು ಸಿಕ್ಕಿಸಿ ಮುರಿದದ್ದು. ನಿಮಗೆಲ್ಲ ಸುಳ್ಳು ಹೇಳಿದ್ದೆ ನಾನು. ಈಗ ಇವನು ಒಬ್ಬನನ್ನ ಕೊಲ್ತಿದ್ದಾನೆ. ನೋಡ್ತಾ ನಿಲ್ಲಬೇಡಿ. ಹಿಡೀರಿ!"

ಒಂದು ಕ್ಷಣ ಯಾರೂ ಅಲುಗಲಿಲ್ಲ. ಆಮೇಲೆ ಅಡುಗೆಮನೆಯಿಂದ ಸೌಟು ಹಿಡಿದ ಭಟ್ಟರು ಬಂದರು. ಅವರ ಹಿಂದೆ ವರನ ಕಡೆಯವರು, ವಧುವಿನ ಕಡೆಯವರು, ಬಸ್ಸಿಗೆ ಕಾಯುತ್ತಿದ್ದವರು. ಲಕ್ಷ್ಮೀಪತಿಯನ್ನು ನೆಲಕ್ಕೆ ಕೆಡವಿದರು. ಯಾರೋ ಚಪ್ಪಲಿ ತೆಗೆದರು, ಯಾರೋ ಬಿದ್ದ ರಾಡು ಎತ್ತಿಕೊಂಡರು.

"ಹಿಡೀರಿ ಅಂದೆ. ಹೊಡೀರಿ ಅನ್ನಲಿಲ್ಲ," ಅಂತು ಸ್ಪೀಕರ್. "ಕೈ ಕಟ್ಟಿ. ಪೊಲೀಸ್ ಬರ್ತಾರೆ. ಅಷ್ಟು ಸಾಕು."

ರಾಡು ಎತ್ತಿದವನು ಅದನ್ನು ಕೆಳಗಿಟ್ಟ.

*

ಆಸ್ಪತ್ರೆಯ ಬೆಂಚಿನ ಮೇಲೆ ಗೌರೀಶ್ ಗೋಡೆಗೊರಗಿ ಕೂತಿದ್ದ. ಬಲಗೈಗೆ ಹಸಿ ಬ್ಯಾಂಡೇಜು, ಪಕ್ಕೆಗೆ ಪಟ್ಟಿ. ಉಸಿರು ಎಳೆದಾಗಲೆಲ್ಲ ಮುಖ ಹಿಂಡುತ್ತಿತ್ತು. ಮಡಿಲಿಗೆ ಪಾಯಸದ ಕಲೆಯಾದ ರೇಷ್ಮೆ ಸೀರೆಯಲ್ಲೇ ಪುಷ್ಪಾವತಿ ಪಕ್ಕದಲ್ಲಿ ಕೂತಳು.

"ಸುಮ್ನೆ ಏಟು ತಿನ್ನು ಅಂತ ನಾನು ಯಾವತ್ತೂ ಹೇಳಿಲ್ಲ," ಅಂದಳು.

"ತಿನ್ನಕ್ಕೆ ಅಂತ ನಿಲ್ಲಿಸಲಿಲ್ಲ ನಾನು. ಅವನು ಬಿದ್ದ. ಬಿದ್ದ ಮೇಲೆ ನಿಲ್ಲಿಸ್ಬೇಕಲ್ವಾ." ಬ್ಯಾಂಡೇಜಿನ ಕೈ ನೋಡಿಕೊಂಡು ಅಂದ, "ಜೈಲಲ್ಲಿ ದಿನಾ ಯೋಚ್ನೆ ಮಾಡ್ತಿದ್ದೆ. ಅವತ್ತು ನೀವು ಆ ಕಡ್ಡಿ ಇಡ್ದೆ ಇದ್ದಿದ್ರೆ ಅವನ್ನ ಸಾಯ್ಸಿಬುಡ್ತಿದ್ದೆ. ಹೊಡೀವಾಗ ನಂಗೆ ಖುಷಿ ಆಯ್ತಿತ್ತು. ಅದೇ ನಂಗೆ ಭಯ. ನಿಮ್ಮಿಂದ ದೂರ ಇದ್ದದ್ದು ಸಿಟ್ಟಿಗಲ್ಲ. ನನ್ನ ನಾನೇ ನಂಬ್ತಿರ್ಲಿಲ್ಲ."

"ಈಗ?"

"ಇವತ್ತು ಒಂದ್ಸಲ ನಿಂತ್ಕೊಂತು ಕೈ. ನಾಳೆದು ಗೊತ್ತಿಲ್ಲ. ಸುಳ್ಳು ಹೇಳಲ್ಲ ನಿಮಗೆ."

ಇನ್ಮೇಲೆ ಯಾವತ್ತೂ ಇಲ್ಲ ಅಂತ ಆಣೆ ಇಟ್ಟಿದ್ದರೆ ಅವಳು ಎದ್ದು ಹೋಗುತ್ತಿದ್ದಳೇನೋ. ಆಣೆಗಳನ್ನು ಅವಳು ಬೇಕಾದಷ್ಟು ಕೇಳಿದ್ದಳು. ಗೊತ್ತಿಲ್ಲ ಅಂದವನು ಇವನೊಬ್ಬನೇ.

"ನನಗೂ ಭಯ ಇದೆ," ಅಂದಳು. "ಇಲ್ಲ ಅನ್ನಲ್ಲ. ನೀನು ಜೋರಾಗಿ ಬಾಗಿಲು ಹಾಕಿದ್ರೂ ನಾನು ಬೆಚ್ಚಿಬೀಳ್ತೀನಿ. ಆಗ ನೀನು ಬೇಜಾರು ಮಾಡ್ಕೋಬಾರದು. ಆಚೆ ಹೋಗಿ ನಿಂತ್ಕೋ ಅಂದ್ರೆ, ಯಾಕೆ ಅಂತ ಕೇಳದೆ ಹೋಗಿ ನಿಂತ್ಕೋಬೇಕು."

ಅವನು ಅವಳನ್ನೇ ನೋಡಿದ. 'ನೀನು' ಅಂದದ್ದು ಸಿಟ್ಟಿಗಲ್ಲ ಅಂತ ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಆಚೆ ನಿಂತ ಮೇಲೆ?"

"ಕರೀತೀನಿ."

"ಖಂಡಿತಾ ಕರೀತೀಯಾ?"

"ಲೇ, ಇಷ್ಟು ದಿನ ಅರ್ಧ ಟೀ ಚೆಲ್ಲಿದ್ದೀನಿ ನಾನು. ಕರೀದೆ ಇರ್ತೀನಾ?"

ಅವನಿಗೆ ನಗು ಬಂತು. ಪಕ್ಕೆ ಹಿಡಿದುಕೊಂಡು "ಅಯ್ಯೋ" ಅಂದ. ನಗಬೇಡ ಅನ್ನುತ್ತಾ ಅವಳೂ ನಕ್ಕಳು. ನಗುತ್ತಲೇ ಇಬ್ಬರ ಕಣ್ಣಲ್ಲೂ ನೀರು ಇಳಿಯಿತು. ಅವಳು ಸೆರಗಿನ ತುದಿಯಿಂದ ಮೊದಲು ಅವನ ಕಣ್ಣು ಒರೆಸಿ, ಆಮೇಲೆ ತನ್ನದು ಒರೆಸಿಕೊಂಡಳು.

ಒಳಗಿನಿಂದ ನರ್ಸಮ್ಮ ಬಂದರು. "ಗೌರೀಶ್ ಅನ್ನೋರ ಕಡೆಯವರು ಯಾರಮ್ಮ? ಆಪರೇಷನ್ ಆಗ್ಬೇಕು, ಕೈಗೆ ಪ್ಲೇಟ್ ಹಾಕ್ತಾರೆ. ಸೈನ್ ಬೇಕು."

"ನಮ್ಮಣ್ಣ ಗೌಡಗೆರೆಯಿಂದ ಬರ್ತವ್ನೆ, ಸ್ವಲ್ಪ ತಡೀರಿ," ಅಂದ ಗೌರೀಶ್.

ಪುಷ್ಪಾವತಿ ಎದ್ದು ನಿಂತಳು.

"ನಾನೇ," ಅಂದಳು.

"ನೀವು ಏನಾಗ್ಬೇಕು ಇವರಿಗೆ?"

ಅವಳು ಅವನ ಕಡೆ ತಿರುಗಲಿಲ್ಲ. ತಿರುಗಿದರೆ ನಾಚಿಕೆಯಲ್ಲಿ ದನಿ ಹೊರಡುವುದಿಲ್ಲ ಅಂತ ಗೊತ್ತಿತ್ತು.

"ಮದುವೆ ಆಗೋಳು," ಅಂದು ಪೆನ್ನಿಗೆ ಕೈ ಚಾಚಿದಳು.